ಒಂದೇ ಕೋಶದಿಂದ: ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸನ್

ಎಂಟನೇ ತರಗತಿಯಲ್ಲಿ ಸೂಕ್ಷ್ಮಜೀವಿಗಳ ಘಟಕ ಬಂದಾಗ ನಾವು ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ಲೂಯಿ ಪಾಶ್ಚರ್ ಅವರ ಚಿತ್ರಪಟ ತೂಗುಹಾಕಿ, 1857 ಎಂದು ಕಪ್ಪುಹಲಗೆಯ ಮೇಲೆ ಬರೆದು, ಮೈದಾ, ಸಕ್ಕರೆ, ಯೀಸ್ಟ್ ಕಲಸಿ ಹಿಟ್ಟು ಉಬ್ಬುವುದನ್ನು ತೋರಿಸಿ ಮುಗಿಸುತ್ತೇವೆ. ದೇವದುರ್ಗ ಮತ್ತು ಮಾನ್ವಿಯಲ್ಲಿ ಬೋಧನಾಭ್ಯಾಸ ನಡೆಸಿದಾಗ ನಾನು ಇದಕ್ಕೆ ಇನ್ನೊಂದು ಬದುಕನ್ನು ಸೇರಿಸಿಕೊಂಡೆ. ಅದು ಡೆನ್ಮಾರ್ಕಿನ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸನ್ ಅವರದು. ಯೀಸ್ಟಿನಲ್ಲೂ ತಳಿಗಳಿವೆ, ಬೇಕಾದ ತಳಿಯನ್ನು ಆರಿಸಿ ಬೆಳೆಸಬಹುದು ಎಂದು ತೋರಿಸಿಕೊಟ್ಟವರು ಅವರು.

ರಾಯಚೂರಿನಲ್ಲಿ ಪಾಠಯೋಜನೆ ತೋರಿಸಿದಾಗ ಬಿಯರಿನ ಮಾತು ತರಗತಿಗೆ ಬೇಕೇ ಎಂದು ಮೇಲ್ವಿಚಾರಕರು ಕೇಳಿದರು. ಕೇಳಬೇಕಾದ ಮಾತೇ. ಸೇಂದಿ, ಅದರಲ್ಲೂ ಕಲಬೆರಕೆ ಸೇಂದಿ ಹಾಳುಮಾಡಿದ ಮನೆಗಳ ಮಕ್ಕಳು ನಮ್ಮ ಮುಂದಿನ ಸಾಲಿನಲ್ಲೇ ಕುಳಿತಿರುತ್ತಾರೆ. ಬಿಯರ್ ಯಾಕೆ ಕೆಡುತ್ತದೆ ಎಂಬ ಸಮಸ್ಯೆಯಿಂದ ಆರಂಭಿಸುತ್ತೇನೆ, ಪರವಾನಗಿ ಇಲ್ಲದೆ ಮನೆಯಲ್ಲಿ ಮದ್ಯ ತಯಾರಿಸುವುದು ನಮ್ಮಲ್ಲಿ ಅಪರಾಧ ಎಂಬುದನ್ನೂ ಹೇಳುತ್ತೇನೆ ಎಂದ ಮೇಲೆ ಒಪ್ಪಿದರು.

ಹ್ಯಾನ್ಸನ್ ಹುಟ್ಟಿದ್ದು 1842ರ ಮೇ 8ರಂದು, ಪಶ್ಚಿಮ ಡೆನ್ಮಾರ್ಕಿನ ರೀಬೆ ಎಂಬ ಹಳೆಯ ಊರಿನಲ್ಲಿ. ಬಡ ಮನೆ. ತಂದೆ ಮನೆಗಳಿಗೆ ಬಣ್ಣ ಬಳಿಯುವವರು. ಮಗನೂ ಅದೇ ಕೆಲಸಕ್ಕೆ ಇಳಿದ. ನಟನಾಗಬೇಕೆಂಬ ಆಸೆ ಇತ್ತು, ಕೈಗೂಡಲಿಲ್ಲ. ಆಮೇಲೆ ಸಿರಿವಂತರ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುವ ಮೇಷ್ಟ್ರಾದರು. ಪಾಠ ಹೇಳುತ್ತಲೇ ತಾವೂ ಓದಿ, ಮೂವತ್ತರ ಹತ್ತಿರ ಬಂದಾಗ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದರು. 1876ರಲ್ಲಿ ಸಗಣಿ, ಗೊಬ್ಬರದ ಮೇಲೆ ಬೆಳೆಯುವ ಶಿಲೀಂಧ್ರಗಳ ಬಗ್ಗೆ ಬರೆದ ಪ್ರಬಂಧಕ್ಕೆ ಚಿನ್ನದ ಪದಕ ಬಂತು. ಸಗಣಿಗೆ ಚಿನ್ನದ ಪದಕವೇ ಎಂದು ದೇವದುರ್ಗದ ತರಗತಿ ನಕ್ಕಿತು. ಹತ್ತಿ ಬಿಡಿಸುವ ಕಾಲಕ್ಕೆ ವಾರಗಟ್ಟಲೆ ಶಾಲೆ ಬಿಡುತ್ತಿದ್ದ ಒಬ್ಬ ಹುಡುಗ ಮಾತ್ರ ನಗದೆ, ಅವರು ಮತ್ತೆ ಶಾಲೆಗೆ ಸೇರಿದಾಗ ವಯಸ್ಸೆಷ್ಟು ಎಂದು ಎರಡು ಸಲ ಕೇಳಿದ.

1870ರ ದಶಕದ ಕೊನೆಗೆ ಹ್ಯಾನ್ಸನ್ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯ ಸೇರಿದರು. ಬ್ರೂವರಿಯ ಒಡೆಯ ಜೆ. ಸಿ. ಜೇಕಬ್ಸನ್ 1875ರಲ್ಲಿ ಅದನ್ನು ಕಟ್ಟಿಸಿದ್ದರು. ರಸಾಯನಶಾಸ್ತ್ರ ಓದಿದವರಿಗೆ ಗೊತ್ತಿರುವ ಕೆಲ್ಡಾಲ್ ವಿಧಾನದ ಕೆಲ್ಡಾಲ್ ಅಲ್ಲೇ ಇದ್ದವರು. ಪಿಎಚ್ ಮಾಪನವೂ 1909ರಲ್ಲಿ ಅಲ್ಲೇ ಹುಟ್ಟಿತು. ಕಾರ್ಲ್ಸ್‌ಬರ್ಗಿನ ಯೀಸ್ಟ್ ಬಂದದ್ದು ಮ್ಯೂನಿಕ್‌ನಿಂದ. 1845ರಲ್ಲಿ ಜೇಕಬ್ಸನ್ ಅದನ್ನು ಟೋಪಿ ಡಬ್ಬಿಯಲ್ಲಿಟ್ಟು, ಕುದುರೆ ಗಾಡಿ ನಿಂತಲ್ಲೆಲ್ಲ ತಣ್ಣೀರು ಹಾಕಿ ತಂಪು ಮಾಡುತ್ತ ತಂದಿದ್ದರಂತೆ. ಆಮೇಲೆ ಒಂದು ಹಂಡೆಯಿಂದ ಇನ್ನೊಂದಕ್ಕೆ, ನಾವು ಮೊಸರಿಗೆ ಹೆಪ್ಪು ಹಾಕುವ ಹಾಗೆ, ಅದೇ ಯೀಸ್ಟ್ ನಡೆದು ಬರುತ್ತಿತ್ತು.

ಬಿಯರ್ ಕೆಡುವುದು ಬ್ಯಾಕ್ಟೀರಿಯಾದಿಂದ ಎಂಬುದು ಪಾಶ್ಚರ್ ಅವರ ತಿಳುವಳಿಕೆ. 1871ರಲ್ಲಿ ಅವರು ಲಂಡನ್ನಿನ ವಿಟ್‌ಬ್ರೆಡ್ ಬ್ರೂವರಿಗೆ ಹೋಗಿ, ಅಲ್ಲಿಯ ಯೀಸ್ಟನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಅದು ಶುದ್ಧವಾಗಿಲ್ಲ ಎಂದು ತೋರಿಸಿದ್ದರು. ಮತ್ತೆ ಹೋಗುವಷ್ಟರಲ್ಲಿ ಬ್ರೂವರಿಯವರೇ ಒಂದು ಸೂಕ್ಷ್ಮದರ್ಶಕ ಕೊಂಡಿದ್ದರು. ಹ್ಯಾನ್ಸನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಯೀಸ್ಟಿನೊಳಗೇ ಬೆರಕೆ ಇರಬಹುದು, ಸಾಕಿದ ಯೀಸ್ಟಿನ ನಡುವೆ ಕಾಡು ಯೀಸ್ಟ್ ಸೇರಿಕೊಂಡು ಕಹಿಯನ್ನೂ ಕೆಟ್ಟ ವಾಸನೆಯನ್ನೂ ತರಬಹುದು ಎಂಬುದು ಅವರ ಅನುಮಾನ. ಕಣ್ಣಿಗೆ ಎರಡೂ ಒಂದೇ ತೆರನಾಗಿ ಕಾಣುತ್ತವೆ. ಬೇರ್ಪಡಿಸುವುದು ಹೇಗೆ?

ಇಲ್ಲಿ ಮಾನ್ವಿಯ ಮಕ್ಕಳು ನನಗಿಂತ ಮುಂದಿದ್ದರು. ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಸೀಮೆ ಅದು. ಬಿತ್ತನೆ ಬೀಜದಲ್ಲಿ ಬೆರಕೆ ಬಂದರೆ ಏನು ಮಾಡುತ್ತಾರೆ ಎಂದು ಕೇಳಿದೆ. ಒಳ್ಳೆಯ ಒಂದೇ ತೆನೆ ಆರಿಸಿ, ಅದರ ಕಾಳನ್ನಷ್ಟೇ ಬೇರೆ ಮಡಿಯಲ್ಲಿ ಬೆಳೆಸಬೇಕು ಎಂದಳು ಒಬ್ಬ ಹುಡುಗಿ. ಹ್ಯಾನ್ಸನ್ ಮಾಡಿದ್ದೂ ಇದನ್ನೇ, ಆದರೆ ಅವರ ತೆನೆ ಕಣ್ಣಿಗೆ ಕಾಣದ್ದು. ಯೀಸ್ಟನ್ನು ನೀರಿನಲ್ಲಿ ಕದಡಿ, ಕೋಶಗಳನ್ನು ಎಣಿಸಿ, ಎರಡು ಹನಿಗೆ ಒಂದು ಕೋಶ ಬರುವಷ್ಟು ತೆಳುವಾಗಿಸಿದರು. ಬಾರ್ಲಿ ಮೊಳಕೆಯ ರಸವಿದ್ದ ಸೀಸೆಗಳಿಗೆ ಹನಿ ಹನಿಯಾಗಿ ಹಾಕಿ, ಚೆನ್ನಾಗಿ ಅಲುಗಿಸಿ, ಅಲುಗದಂತೆ ಇಟ್ಟರು. ಕೆಲವು ದಿನಗಳ ಮೇಲೆ ಒಂದೇ ಬಿಳಿ ಚುಕ್ಕೆ ಮೂಡಿದ ಸೀಸೆಯಲ್ಲಿ ಇರುವುದು ಒಂದೇ ಕೋಶದ ಸಂತಾನ. ಮುಂದೆ ಜಿಲಾಟಿನ್ ಪದರದಲ್ಲಿ ಒಂಟಿ ಕೋಶವನ್ನು ಗುರುತಿಸಿ, ಅದು ಬೆಳೆಯುವುದನ್ನು ಸೂಕ್ಷ್ಮದರ್ಶಕದಲ್ಲೇ ಕಾದರು.

ಇದಕ್ಕೆ ನಾನು ಬಳಸಿದ ಬೋಧನೋಪಕರಣ ಒಂದು ಬಕೆಟ್ ನೀರು, ಹತ್ತು ಸಾಸಿವೆ ಕಾಳು, ಇಪ್ಪತ್ತು ಲೋಟ. ಕಲಕುತ್ತಲೇ ನೀರು ಹಂಚಿದರೆ ಹಲವು ಲೋಟ ಖಾಲಿ, ಕೆಲವಕ್ಕೆ ಒಂದು ಕಾಳು, ಒಂದೆರಡಕ್ಕೆ ಎರಡು. ಎರಡು ಬಿದ್ದ ಲೋಟವನ್ನು ಹ್ಯಾನ್ಸನ್ ಹೇಗೆ ಪತ್ತೆ ಹಚ್ಚುತ್ತಿದ್ದರು ಎಂದು ಮಕ್ಕಳನ್ನೇ ಕೇಳಬೇಕು; ಎರಡು ಚುಕ್ಕೆ ಎಂಬ ಉತ್ತರ ಅವರಿಂದಲೇ ಬರುತ್ತದೆ.

1883ರಲ್ಲಿ ಕಾರ್ಲ್ಸ್‌ಬರ್ಗಿನ ಬಿಯರೇ ಕೆಟ್ಟಿತು. ತಮ್ಮ ಯೀಸ್ಟ್ ಬೆರಕೆ ಎಂಬುದನ್ನು ಜೇಕಬ್ಸನ್ ಮೊದಲಿಗೆ ನಂಬಲಿಲ್ಲ. ಹ್ಯಾನ್ಸನ್ ತಳಿಗಳನ್ನು ಬೇರ್ಪಡಿಸಿ ಒಂದೊಂದರಿಂದಲೂ ಬಿಯರ್ ಮಾಡಿಸಿದರು. ಒಂದು ತಳಿ ಒಳ್ಳೆಯದನ್ನು ಕೊಟ್ಟಿತು, ಕಾಡು ಯೀಸ್ಟ್ ಹಳೆಯ ಕೇಡನ್ನೇ ಮತ್ತೆ ತಂದಿತು. ಅದೇ ವರ್ಷದ ನವೆಂಬರಿನಿಂದ ಆರಿಸಿದ ತಳಿಯೇ ಬ್ರೂವರಿಯ ಯೀಸ್ಟಾಯಿತು. ಒಪ್ಪಿಕೊಂಡ ಮೇಲೆ ಜೇಕಬ್ಸನ್ ಅದನ್ನು ಬಚ್ಚಿಡಲಿಲ್ಲ. ಕೇಳಿದ ಬ್ರೂವರಿಗಳಿಗೆಲ್ಲ ಕೊಟ್ಟರು. ಪೇಟೆಂಟಿನ ಈ ಕಾಲದಲ್ಲಿ ಇದನ್ನು ನಾನು ಸ್ವಲ್ಪ ನಿಧಾನವಾಗಿಯೇ ಹೇಳಿದೆ.

ಇಂಗ್ಲೆಂಡ್ ಮಾತ್ರ ಸುಲಭಕ್ಕೆ ಒಪ್ಪಲಿಲ್ಲ, ಅದಕ್ಕೆ ಕಾರಣವೂ ಇತ್ತು. ಕಾರ್ಲ್ಸ್‌ಬರ್ಗಿನ ಯೀಸ್ಟ್ ತಂಪಿನಲ್ಲಿ ಹುದುಗಿ ತಳಕ್ಕಿಳಿಯುವಂಥದು. ಇಂಗ್ಲಿಷರ ಏಲ್ ಯೀಸ್ಟ್ 18ರಿಂದ 22 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಹುದುಗಿ ನೊರೆಯೊಂದಿಗೆ ಮೇಲೇಳುತ್ತದೆ, ಹಣ್ಣಿನಂಥ ಪರಿಮಳ ಬಿಡುತ್ತದೆ. ಇವುಗಳಲ್ಲೂ ಒಂದೊಂದು ತಳಿ ಒಂದೊಂದು ರೀತಿ: ಕೆಲವು ಬೇಗ ಗಂಟುಕಟ್ಟಿ ಕೆಳಗಿಳಿದು ಒಂದಿಷ್ಟು ಸಿಹಿ ಉಳಿಸುತ್ತವೆ, ಕೆಲವು ಸಕ್ಕರೆಯನ್ನೆಲ್ಲ ತಿಂದು ಮುಗಿಸುತ್ತವೆ. ಇಂದಿಗೂ ಏಲ್ ತಯಾರಿಸುವವರು ಯೀಸ್ಟ್ ಆರಿಸುವಾಗ ನೋಡುವುದು ಇವನ್ನೇ: ಎಷ್ಟು ಸಕ್ಕರೆ ತಿನ್ನುತ್ತದೆ, ಎಷ್ಟು ಬೇಗ ಇಳಿಯುತ್ತದೆ, ಎಷ್ಟು ಶಾಖಕ್ಕೆ ಯಾವ ವಾಸನೆ ಕೊಡುತ್ತದೆ. (ನಮ್ಮ ಏಪ್ರಿಲ್ ತಿಂಗಳ ಸೆಕೆಯಲ್ಲಿ ಇಡ್ಲಿ ಹಿಟ್ಟು ಮಧ್ಯರಾತ್ರಿಗೇ ಹುಳಿಯಾಗುವುದನ್ನು ನೆನಪಿಸಿದರೆ ಶಾಖದ ಮಾತು ಮಕ್ಕಳಿಗೆ ತಟ್ಟನೆ ಹತ್ತುತ್ತದೆ.) ಒಂದೇ ತಳಿ ಹಾಕಿದರೆ, ತಿಂಗಳುಗಟ್ಟಲೆ ಪೀಪಾಯಿಯಲ್ಲಿಡುವ ಏಲ್‌ಗೆ ಹಳೆಯ ರುಚಿ ಬರುವುದಿಲ್ಲ ಎಂಬುದು ಅಲ್ಲಿಯವರ ದೂರು. ದೂರು ನಿಜವಾಗಿತ್ತು. 1904ರಲ್ಲಿ ಕಾರ್ಲ್ಸ್‌ಬರ್ಗಿನವರೇ ಆದ ಕ್ಲಾಸನ್, ಆ ರುಚಿ ಕೊಡುವ ಇನ್ನೊಂದು ಯೀಸ್ಟನ್ನು ಇಂಗ್ಲಿಷ್ ಬಿಯರಿನಲ್ಲಿ ಕಂಡು, ಬ್ರಿಟಿಷ್ ಶಿಲೀಂಧ್ರ ಎಂಬ ಅರ್ಥ ಬರುವಂತೆ ಬ್ರೆಟನೋಮೈಸಿಸ್ ಎಂದು ಹೆಸರಿಟ್ಟರು. ಒಂದು ಊರಿನಲ್ಲಿ ಕಳೆಯಾದದ್ದು ಇನ್ನೊಂದು ಊರಿನಲ್ಲಿ ಬೆಳೆ.

ಇವರು ಮಾಡಿದ್ದು ಒಳ್ಳೆಯದೋ ಕೆಟ್ಟದ್ದೋ ಎಂದು ಮಾನ್ವಿಯಲ್ಲಿ ಅದೇ ಹುಡುಗಿ ಕೇಳಿದಳು. ಅವಳ ಮನೆಯ ಕಥೆ ನನಗೆ ಗೊತ್ತಿತ್ತು, ಅವಸರದ ಉತ್ತರ ಕೊಡಲಿಲ್ಲ. ಯೀಸ್ಟ್, ಬ್ಯಾಕ್ಟೀರಿಯಾಗಳ ಶುದ್ಧ ತಳಿ ಬೆಳೆಸುವ ಕಲೆಯಿಂದಲೇ ರೊಟ್ಟಿ ಅಂಗಡಿಗೂ ಔಷಧದ ಕಾರ್ಖಾನೆಗೂ ಉಪಕಾರವಾಗಿದೆ ಎಂದೆ, ಮದ್ಯದ ಕಾರ್ಖಾನೆಗೂ ಆಗಿದೆ ಎಂದೂ ಹೇಳಿದೆ. ಅವಳು ಎರಡನ್ನೂ ಪುಸ್ತಕದಲ್ಲಿ ಅಕ್ಕಪಕ್ಕ ಬರೆದುಕೊಂಡಳು.

ಹ್ಯಾನ್ಸನ್ 1909ರ ಆಗಸ್ಟ್ 27ರಂದು ತೀರಿಕೊಂಡರು. ಅವರು ಆರಿಸಿದ ಯೀಸ್ಟ್ ಒಂದು ಮಿಶ್ರತಳಿ ಎಂಬುದು ನಮ್ಮ ಕಾಲದಲ್ಲಿ ತಿಳಿದಿದೆ. ಅದರ ತಂದೆತಾಯಿಗಳಲ್ಲಿ ಒಂದು, ಏಲ್ ಹುದುಗಿಸುವ ಯೀಸ್ಟಿನ ಜಾತಿಯೇ.