ನಾರಿನ ಬೆಲೆ ಅಳೆದ ಶಸ್ತ್ರವೈದ್ಯ

ಆಹಾರದಲ್ಲಿ ನಾರಿನಂಶ ಹೆಚ್ಚಿರಬೇಕೆಂಬ ಮಾತು ಇಂದು ಯಾರಿಗೂ ಹೊಸದಲ್ಲ. ಆದರೆ ಅರ್ಧ ಶತಮಾನದ ಹಿಂದೆ ಪಾಶ್ಚಾತ್ಯ ಪೌಷ್ಟಿಕಶಾಸ್ತ್ರದಲ್ಲಿ ನಾರಿಗೆ ಹೆಚ್ಚುಕಡಿಮೆ ಕಸದ ಸ್ಥಾನವಿತ್ತು. ಅದು ಜೀರ್ಣವಾಗದು, ಶಕ್ತಿ ಕೊಡದು. ಹಾಗಿದ್ದ ಮೇಲೆ ಬೀಸುವಾಗಲೇ ತೆಗೆದುಹಾಕಿದರೆ ನಷ್ಟವೇನು ಎಂಬುದು ಅಂದಿನ ಧೋರಣೆ. ಅದನ್ನು ಬದಲಿಸಿದವರಲ್ಲಿ ಪ್ರಮುಖರಾದ ಡೆನಿಸ್ ಬರ್ಕಿಟ್ ಆಹಾರತಜ್ಞರಾಗಿರಲಿಲ್ಲ. ಅವರು ಆಫ್ರಿಕಾದ ಸರ್ಕಾರಿ ಆಸ್ಪತ್ರೆಗಳಲ್ಲಿ ಎರಡು ದಶಕ ದುಡಿದ ಶಸ್ತ್ರವೈದ್ಯರು.

ಬರ್ಕಿಟ್ ಹುಟ್ಟಿದ್ದು 1911ರಲ್ಲಿ, ಐರ್ಲೆಂಡಿನ ಎನಿಸ್ಕಿಲನ್‌ನಲ್ಲಿ. ತಂದೆ ಜಿಲ್ಲೆಯ ಸರ್ವೇಯರ್. ಬಿಡುವಿನ ವೇಳೆಯಲ್ಲಿ ರಾಬಿನ್ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ, ಯಾವ ಹಕ್ಕಿಯ ಸರಹದ್ದು ಎಲ್ಲಿಯವರೆಗೆ ಎಂದು ನಕಾಶೆ ಬರೆಯುತ್ತಿದ್ದರು. ಮಗನಿಗೆ ಬಂದ ನಿಜವಾದ ಪಿತ್ರಾರ್ಜಿತ ಈ ನಕಾಶೆಯ ಹವ್ಯಾಸವೇ ಎನ್ನಬೇಕು. ಹನ್ನೊಂದರ ವಯಸ್ಸಿನಲ್ಲಿ ಕಲ್ಲೇಟಿನಿಂದ ಹುಡುಗ ಬಲಗಣ್ಣು ಕಳೆದುಕೊಂಡ. ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿ ಎಂಜಿನಿಯರಿಂಗ್ ಬಿಟ್ಟು ವೈದ್ಯಕೀಯ ಓದಿ 1935ರಲ್ಲಿ ಪದವಿ ಪಡೆದರು. ಒಂದೇ ಕಣ್ಣಿನ ಕಾರಣಕ್ಕೆ ವಸಾಹತು ಸೇವೆ ಅವರನ್ನು ಮೊದಲು ತಿರಸ್ಕರಿಸಿತ್ತು. ಮಹಾಯುದ್ಧದಲ್ಲಿ ಸೈನ್ಯದ ವೈದ್ಯರಾಗಿ ದುಡಿದ ನಂತರ, 1946ರಲ್ಲಿ, ಅದೇ ಸೇವೆ ಅವರನ್ನು ಉಗಾಂಡಕ್ಕೆ ಕಳುಹಿಸಿತು.

ಮೊದಲ ನೇಮಕ ಉತ್ತರ ಉಗಾಂಡದ ಲಿರಾಕ್ಕೆ. ಹೈಡ್ರೋಸೀಲ್ ರೋಗ ಆ ಜಿಲ್ಲೆಯ ಪೂರ್ವ ಭಾಗದಲ್ಲಿ ಹೇರಳ, ಪಶ್ಚಿಮದಲ್ಲಿ ವಿರಳ ಎಂಬುದನ್ನು ಕಂಡು, ಆನೆಕಾಲಿನ ಹುಳುವಿಗೂ ಅದಕ್ಕೂ ಇರುವ ನಂಟನ್ನು ಅವರು ಗುರುತಿಸಿದರು. ಮುಂದೆ ಕಂಪಾಲದ ಮುಲಾಗೊ ಆಸ್ಪತ್ರೆಯಲ್ಲಿದ್ದಾಗ, 1957ರಲ್ಲಿ, ಸಹೋದ್ಯೋಗಿ ಹ್ಯೂ ಟ್ರೋವೆಲ್ ದವಡೆಯೆಲ್ಲ ಊದಿಕೊಂಡ ಬಾಲಕನೊಬ್ಬನನ್ನು ತೋರಿಸಿದರು. ಕೆಲವೇ ವಾರಗಳಲ್ಲಿ ಜಿಂಜಾ ಪಟ್ಟಣದಲ್ಲಿ ಅಂಥದೇ ಇನ್ನೊಂದು ಮಗು. ಬರ್ಕಿಟ್ ಆಫ್ರಿಕಾದ ಆಸ್ಪತ್ರೆಗಳಿಗೆ ಚಿತ್ರಸಹಿತ ಪ್ರಶ್ನಾವಳಿ ಕಳುಹಿಸಿದರು. ಆರಂಭದಲ್ಲಿ ಅವರ ಕೈಗೆ ಸಿಕ್ಕ ಸಂಶೋಧನಾ ಅನುದಾನ ಬರೀ 25 ಪೌಂಡ್. (ಕಚೇರಿಗಳಲ್ಲಿ ಆಯುಷ್ಯ ಕಳೆದ ನನ್ನಂಥವರಿಗೆ ಗೊತ್ತಿರುವಂತೆ, ಇಷ್ಟು ಹಣಕ್ಕೆ ಟಿಪ್ಪಣಿ ಮಂಡಿಸುವ ಖರ್ಚೇ ಅದಕ್ಕಿಂತ ಹೆಚ್ಚಾದೀತು.) 1961ರ ಅಕ್ಟೋಬರಿನಲ್ಲಿ ಇಬ್ಬರು ವೈದ್ಯ ಮಿತ್ರರೊಡನೆ ಹಳೆಯ ಫೋರ್ಡ್ ಗಾಡಿಯಲ್ಲಿ ಹೊರಟು, ಹತ್ತು ವಾರಗಳಲ್ಲಿ ಸುಮಾರು 10,000 ಮೈಲಿ ಸುತ್ತಿದರು. ಮಳೆ ಹೆಚ್ಚಿರುವ, ಸೆಕೆಯ ತಗ್ಗು ನಾಡುಗಳಲ್ಲಿ, ಅಂದರೆ ಹೆಚ್ಚುಕಡಿಮೆ ಮಲೇರಿಯಾ ಇರುವಲ್ಲಿ ಮಾತ್ರ, ಈ ಕ್ಯಾನ್ಸರ್ ಕಾಣುತ್ತದೆ ಎಂದು ನಕಾಶೆಯೇ ಹೇಳಿತು. ಅದಕ್ಕೀಗ ಬರ್ಕಿಟ್ ಲಿಂಫೋಮ ಎಂದೇ ಹೆಸರು. ಅವರು ಕಳುಹಿಸಿದ ಗೆಡ್ಡೆಯ ತುಣುಕುಗಳಲ್ಲೇ 1964ರಲ್ಲಿ ಲಂಡನ್ನಿನ ಆಂಟನಿ ಎಪ್‌ಸ್ಟೀನ್ ತಂಡ ಮನುಷ್ಯರ ಕ್ಯಾನ್ಸರಿಗೆ ಸಂಬಂಧಿಸಿದ ಮೊದಲ ವೈರಸ್ಸನ್ನು ಕಂಡಿತು.

ಇಷ್ಟಕ್ಕೇ ಒಂದು ಜನ್ಮ ಸಾರ್ಥಕವೆನಿಸಬಹುದಿತ್ತು. 1966ರಲ್ಲಿ ಲಂಡನ್ನಿಗೆ ಮರಳಿದ ಬರ್ಕಿಟ್‌ಗೆ ಮರುವರ್ಷ ನೌಕಾಪಡೆಯ ನಿವೃತ್ತ ವೈದ್ಯ ಕ್ಲೀವ್ ಅವರ ಪರಿಚಯವಾಯಿತು. ಪಾಶ್ಚಾತ್ಯರ ಹಲವು ರೋಗಗಳಿಗೆ ಸಕ್ಕರೆ ಮತ್ತು ಬಿಳಿ ಹಿಟ್ಟೇ ಮೂಲವೆಂಬುದು ಕ್ಲೀವ್ ಅವರ ವಾದ. ಬರ್ಕಿಟ್‌ಗೆ ತಮ್ಮ ಆಫ್ರಿಕಾದ ದಿನಗಳು ನೆನಪಾದವು. ಅಪೆಂಡಿಸೈಟಿಸ್, ಪಿತ್ತಕೋಶದ ಕಲ್ಲು, ದೊಡ್ಡ ಕರುಳಿನ ಕ್ಯಾನ್ಸರ್: ಬ್ರಿಟನ್ನಿನ ಶಸ್ತ್ರವೈದ್ಯರಿಗೆ ನಿತ್ಯದ ಕೆಲಸವಾಗಿದ್ದ ಇವು ಉಗಾಂಡದ ಹಳ್ಳಿಗರಲ್ಲಿ ಅಪರೂಪವಾಗಿದ್ದವು. ಹಳೆಯ ಅಂಚೆ ಸಂಪರ್ಕಗಳು ಮತ್ತೆ ಜೀವ ತಳೆದವು. ಮಿಷನ್ ಆಸ್ಪತ್ರೆಗಳು ತಿಂಗಳು ತಿಂಗಳು ಲೆಕ್ಕ ಕಳುಹಿಸಿದವು.

ಆಮೇಲಿನದು ಸಭ್ಯ ಸಮಾಜ ಮೂಗು ಮುಚ್ಚಿಕೊಳ್ಳುವ ಕೆಲಸ. ಎಕ್ಸ್-ರೇಯಲ್ಲಿ ಕಾಣುವ ಸಣ್ಣ ಗುಳಿಗೆಗಳನ್ನು ನುಂಗಿಸಿ, ಅವು ಹೊರಬರಲು ಹಿಡಿದ ಸಮಯವನ್ನೂ ಮಲದ ತೂಕವನ್ನೂ ಅಳೆದರು. 1972ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಬ್ರಿಟಿಷರಲ್ಲಿ ಆಹಾರ ಹೊರಬೀಳಲು ಮೂರು ದಿನ ಅಥವಾ ಅದಕ್ಕೂ ಹೆಚ್ಚು ಬೇಕಿತ್ತು. ಮಲದ ತೂಕ ದಿನಕ್ಕೆ ಸುಮಾರು 100 ಗ್ರಾಂ. ಉಗಾಂಡದ ಹಳ್ಳಿಗರಲ್ಲಿ ಒಂದೂವರೆ ದಿನ, ತೂಕ 400 ಗ್ರಾಂಗೂ ಮಿಕ್ಕಿ. ಬರ್ಕಿಟ್ ಈ ವ್ಯತ್ಯಾಸಕ್ಕೆ ನಾರನ್ನೇ ಕಾರಣವೆಂದರು. ಮಲದ ಛಾಯಾಚಿತ್ರಗಳನ್ನು ತುಂಬಿದ ಸಭೆಗಳಲ್ಲಿ ನಿಸ್ಸಂಕೋಚವಾಗಿ ತೋರಿಸಿದರು. ಸಾಮಾನ್ಯರಿಗಾಗಿ 1979ರಲ್ಲಿ ಬರೆದ ಪುಸ್ತಕ ಹಲವು ಭಾಷೆಗಳಿಗೆ ಹೋಯಿತು.

ಅರ್ಥಶಾಸ್ತ್ರ ಓದಿದವನಿಗೆ ಇಲ್ಲೊಂದು ತಕರಾರು ಏಳುತ್ತದೆ. ಎರಡು ಸಂಗತಿಗಳು ಜೊತೆಯಲ್ಲಿ ಕಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗದು. ಉಗಾಂಡದ ಹಳ್ಳಿಗ ನಾರು ಹೆಚ್ಚು ತಿನ್ನುತ್ತಿದ್ದನಷ್ಟೇ ಅಲ್ಲ. ಸಕ್ಕರೆ, ಕೊಬ್ಬು ಕಡಿಮೆ ತಿನ್ನುತ್ತಿದ್ದ, ಹೊಲದಲ್ಲಿ ದುಡಿಯುತ್ತಿದ್ದ, ಮುಪ್ಪಿನ ರೋಗಗಳು ಬರುವಷ್ಟು ಕಾಲ ಎಷ್ಟೋ ಸಲ ಬದುಕುತ್ತಲೇ ಇರಲಿಲ್ಲ. ಮಲೇರಿಯಾ ನಕಾಶೆಯಲ್ಲಿ ಗೆದ್ದ ವಿಧಾನವನ್ನು ಬರ್ಕಿಟ್ ಇಲ್ಲಿ ಅದರ ಶಕ್ತಿ ಮೀರಿ ಎಳೆದರು ಎಂದೇ ನನ್ನ ಅಭಿಪ್ರಾಯ. ಅವರು 1993ರಲ್ಲಿ ತೀರಿಕೊಂಡ ಬಳಿಕ ಪೆಟ್ಟುಗಳೂ ಬಿದ್ದವು. ಸುಮಾರು 88,000 ಅಮೆರಿಕನ್ ದಾದಿಯರ ಕುರಿತ 1999ರ ಅಧ್ಯಯನದಲ್ಲಿ ನಾರು ಕರುಳಿನ ಕ್ಯಾನ್ಸರನ್ನು ತಡೆದದ್ದು ಕಾಣಲಿಲ್ಲ. 2003ರಲ್ಲಿ ಹತ್ತು ಯುರೋಪಿಯನ್ ದೇಶಗಳ ಐದು ಲಕ್ಷ ಜನರ ಅಧ್ಯಯನ ಇದಕ್ಕೆ ವಿರುದ್ಧವಾಗಿ, ಬರ್ಕಿಟ್ ಪರವಾಗಿ ಬಂತು. ವಿಶ್ವ ಆರೋಗ್ಯ ಸಂಸ್ಥೆಯ ಕೋರಿಕೆಯಂತೆ ನಡೆದು 2019ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆ, ನಾರು ಹೆಚ್ಚು ತಿನ್ನುವವರಲ್ಲಿ ಹೃದ್ರೋಗದ ಸಾವು, ಮಧುಮೇಹ, ಕರುಳಿನ ಕ್ಯಾನ್ಸರ್ ಇವೆಲ್ಲ ಶೇ 15ರಿಂದ 30ರಷ್ಟು ಕಡಿಮೆ ಎಂದು ಕಂಡುಕೊಂಡಿತು. ದಿನಕ್ಕೆ 25ರಿಂದ 29 ಗ್ರಾಂ ನಾರು ಬೇಕೆಂದಿತು. ನಾರನ್ನು ಹುದುಗಿಸಿ ಕರುಳಿನ ಒಳಪೊರೆಗೆ ಆಹಾರ ಒದಗಿಸುವ ಬ್ಯಾಕ್ಟೀರಿಯಾಗಳ ವಿಚಾರ ಬರ್ಕಿಟ್ ಕಾಲದಲ್ಲಿ ಇಷ್ಟು ಸ್ಪಷ್ಟವಾಗಿರಲಿಲ್ಲ. ಅವರ ವಿವರಣೆ ಅಪೂರ್ಣ, ದಿಕ್ಕು ಸರಿ.

ಬರ್ಕಿಟ್ ಮೊದಲು ಕೆಲಸ ಮಾಡಿದ ಉತ್ತರ ಉಗಾಂಡದ ಮುಖ್ಯ ಧಾನ್ಯಗಳಲ್ಲೊಂದು ನಮ್ಮ ರಾಗಿ. ಅದು ನಮ್ಮಲ್ಲಿಗೆ ಬಂದದ್ದೇ ಪೂರ್ವ ಆಫ್ರಿಕಾದ ಎತ್ತರದ ನಾಡುಗಳಿಂದ. ಅಲ್ಲಿಯೂ ಹಿಟ್ಟನ್ನು ಕುದಿವ ನೀರಿನಲ್ಲಿ ತೊಳಸಿ ಮುದ್ದೆಯಂತೆಯೇ ಉಣ್ಣುತ್ತಾರೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕದಂತೆ 100 ಗ್ರಾಂ ರಾಗಿಯಲ್ಲಿ ನಾರು ಸುಮಾರು 11 ಗ್ರಾಂ, ಜೋಳದಲ್ಲಿ 10. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಮತ್ತು ಮೈದಾದಲ್ಲಿ ಮೂರಕ್ಕೂ ಕಡಿಮೆ. ಪೇಟೆಯಲ್ಲಿ ಈಗ ರಾಗಿಯ ಹೆಸರಿನ ಬಿಸ್ಕತ್ತುಗಳು ಬಂದಿವೆ. ಅವುಗಳಲ್ಲಿ ಹಲವು ಪೊಟ್ಟಣಗಳ ಹಿಂಬದಿಯ ಸಣ್ಣಕ್ಷರದ ಪಟ್ಟಿಯಲ್ಲಿ ಮೊದಲು ಬರುವುದು ಮೈದಾ.