ಹಯವರಲ ಲೋಕದ ಸುಕುಮಾರ ರಾಯ್

ಬೋಧನಾಭ್ಯಾಸಕ್ಕೆ ನನ್ನನ್ನು ಹಾಕಿದ್ದು ಸಿಂಧನೂರು ತಾಲ್ಲೂಕಿನ ಆರ್.ಎಚ್. ಕ್ಯಾಂಪಿನ ಶಾಲೆಯೊಂದಕ್ಕೆ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೆ ಸರ್ಕಾರ ಪುನರ್ವಸತಿ ಕಲ್ಪಿಸಿದ ಊರು ಅದು. ಮಕ್ಕಳಿಗೆ ಮನೆಯಲ್ಲಿ ಬಂಗಾಳಿ, ಶಾಲೆಯಲ್ಲಿ ಕನ್ನಡ. ತರಗತಿಯಲ್ಲಿ ಬಂಗಾಳಿ ಮಾತಾಡಬಾರದೆಂದು ಮೊದಲ ದಿನವೇ ನಾನು ಹೇಳಿಬಿಟ್ಟಿದ್ದೆ. ಅದರ ಫಲ ಎರಡೇ ದಿನದಲ್ಲಿ ಕಂಡಿತು: ಹಿಂದಿನ ಎರಡು ಸಾಲು ಪೂರ್ತಿ ಮೌನ.

ಏಳನೇ ತರಗತಿಗೆ ವ್ಯಕ್ತಿ ಪರಿಚಯದ ಪೂರಕ ಪಾಠ ಮಾಡಬೇಕಾಗಿ ಬಂದಾಗ ಸುಕುಮಾರ ರಾಯ್ ಅವರನ್ನು ಆರಿಸಿಕೊಂಡೆ. ಮೊದಲ ಪಾಠಯೋಜನೆಯಲ್ಲಿ ಅವರನ್ನು ಸತ್ಯಜಿತ್ ರಾಯ್ ಅವರ ತಂದೆ ಎಂದು ಪರಿಚಯಿಸಿದ್ದೆ. ತಪ್ಪೇನಲ್ಲ, ಆದರೆ ಹನ್ನೆರಡು ವರ್ಷದ ಮಗುವಿಗೆ ಅದರಿಂದ ಸಿಗುವುದೇನು? ಆ ಹಾಳೆ ಹರಿದು ಮತ್ತೆ ಬರೆದೆ.

ಸುಕುಮಾರ ರಾಯ್ ಹುಟ್ಟಿದ್ದು 1887ರ ಅಕ್ಟೋಬರ್ 30ರಂದು, ಕಲ್ಕತ್ತದಲ್ಲಿ. ಮನೆತನದ ಮೂಲ ಮಾತ್ರ ಮೈಮನ್‌ಸಿಂಗ್ ಜಿಲ್ಲೆಯ ಮಸೂವಾ ಎಂಬ ಊರು, ಈಗ ಬಾಂಗ್ಲಾದೇಶಕ್ಕೆ ಸೇರಿದೆ. ತಂದೆ ಉಪೇಂದ್ರಕಿಶೋರರು ಮಕ್ಕಳಿಗೆ ಕಥೆ ಬರೆಯುತ್ತಿದ್ದರು, ಚಿತ್ರ ಬಿಡಿಸುತ್ತಿದ್ದರು. ಫೋಟೊವನ್ನು ಸಣ್ಣ ಸಣ್ಣ ಚುಕ್ಕಿಗಳಾಗಿ ಒಡೆದು ಅಚ್ಚು ಹಾಕುವ ಹಾಫ್‌ಟೋನ್ ವಿಧಾನದಲ್ಲಿ ನಮ್ಮ ದೇಶದ ಮೊದಲಿಗರಲ್ಲಿ ಒಬ್ಬರು. ಮಗ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿದ್ದು ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರ. ಅದರ ಜೊತೆಗೇ ಗೆಳೆಯರನ್ನು ಕಟ್ಟಿಕೊಂಡು ನಾನ್‌ಸೆನ್ಸ್ ಕ್ಲಬ್ ನಡೆಸಿದರು. ಅದರ ಕೈಬರಹದ ಪತ್ರಿಕೆಯ ಹೆಸರು ‘ಸಾಡೆ ಬತ್ರಿಶ್ ಭಾಜಾ’, ಅಂದರೆ ಮೂವತ್ತೆರಡೂವರೆ ಬಗೆಯ ಕುರುಕಲು. 1911ರಲ್ಲಿ ವಿದ್ಯಾರ್ಥಿವೇತನ ಪಡೆದು ಇಂಗ್ಲೆಂಡಿಗೆ ಹೋಗಿ, ಲಂಡನ್ ಮತ್ತು ಮ್ಯಾಂಚೆಸ್ಟರಿನಲ್ಲಿ ಮುದ್ರಣ ತಂತ್ರ ಕಲಿತು 1913ರಲ್ಲಿ ಮರಳಿದರು. ಅದೇ ವರ್ಷ ತಂದೆ ‘ಸಂದೇಶ್’ ಎಂಬ ಮಕ್ಕಳ ಪತ್ರಿಕೆ ಆರಂಭಿಸಿದ್ದರು. ಬಂಗಾಳಿಯಲ್ಲಿ ಆ ಪದಕ್ಕೆ ಸುದ್ದಿ ಎಂದೂ ಅರ್ಥ, ಸಿಹಿತಿಂಡಿ ಎಂದೂ ಅರ್ಥ. 1915ರಲ್ಲಿ ತಂದೆ ತೀರಿಕೊಂಡಾಗ ಪತ್ರಿಕೆ, ಮುದ್ರಣಾಲಯ ಎರಡೂ 28 ವರ್ಷದ ಸುಕುಮಾರರ ಹೆಗಲಿಗೆ ಬಂದವು.

‘ಸಂದೇಶ್’ನಲ್ಲಿ 1922ರಲ್ಲಿ ಬಂದ ಕಥೆ ‘ಹಯವರಲ’. ಆ ಹೆಸರನ್ನು ಕಪ್ಪುಹಲಗೆಯ ಮೇಲೆ ಬರೆದು ಕನ್ನಡದಂತೆ ಓದಿದೆ. ಹಿಂದಿನ ಸಾಲಿನಿಂದ ನಗು ಬಂತು. ಎರಡು ವಾರ ಬಾಯಿ ಬಿಡದಿದ್ದ ಹುಡುಗನೊಬ್ಬ ಎದ್ದು ನಿಂತು, ಅದನ್ನು ಹೊಜೊಬೊರೊಲೊ ಎನ್ನಬೇಕೆಂದು ತಿದ್ದಿದ. ಪುಸ್ತಕದ ಹೆಸರು ಅವನಿಗೆ ಗೊತ್ತಿರಲಿಲ್ಲ. ಮನೆಯಲ್ಲಿ ಸಾಮಾನು ಚೆಲ್ಲಾಪಿಲ್ಲಿ ಮಾಡಿದಾಗ ಅವನ ಅಜ್ಜಿ ಬೈಯುವ ಮಾತಂತೆ ಅದು. ಅರ್ಥವೂ ಅದೇ, ಕಲಸುಮೇಲೋಗರ. ನಮ್ಮ ಯ ರ ಲ ವ ಹ ಅಕ್ಷರಗಳೇ ಅಲ್ಲಿ ಅದಲುಬದಲಾಗಿ ಕೂತಿರುವುದನ್ನು ಕನ್ನಡ ಮನೆಮಾತಿನ ಮಕ್ಕಳು ಕಂಡುಹಿಡಿದರು. ನನ್ನ ಮೊದಲ ದಿನದ ನಿಯಮ ಅಲ್ಲಿಗೆ ಮುಗಿಯಿತು.

ಕಥೆಯಲ್ಲಿ ಬೆವರು ಒರೆಸಲು ಇಟ್ಟುಕೊಂಡ ಕರವಸ್ತ್ರ ಬೆಕ್ಕಾಗುತ್ತದೆ. ಮೊಟ್ಟೆ ಬಾತುಕೋಳಿ ಆಗುವುದಿಲ್ಲವೇ, ಇದೂ ಹಾಗೇ ಎಂಬುದು ಬೆಕ್ಕಿನ ವಾದ. ಸ್ಲೇಟು ಹಿಡಿದು ಲೆಕ್ಕ ಮಾಡುವ ಕಾಗೆಯೊಂದಿದೆ. ಅದರ ಲೋಕದಲ್ಲಿ ಸಮಯಕ್ಕೂ ಬೆಲೆಯುಂಟು, ಏಳೆರಡ್ಲ ಹದಿನಾಲ್ಕನ್ನು ಸರಿಯಾದ ಕ್ಷಣದಲ್ಲಿ ಬರೆಯದಿದ್ದರೆ ಉತ್ತರ ಹೆಚ್ಚುಕಡಿಮೆಯಾಗಿಬಿಡುತ್ತದೆ. ಇನ್ನೊಬ್ಬ ಮುದುಕನ ಲೋಕದಲ್ಲಿ ವಯಸ್ಸು ನಲವತ್ತು ಮುಟ್ಟಿದ ಕೂಡಲೇ ತಿರುಗಿ ಮೂವತ್ತೊಂಬತ್ತು, ಮೂವತ್ತೆಂಟು ಎಂದು ಇಳಿಯುತ್ತದೆ, ಹತ್ತಕ್ಕೆ ಬಂದು ಮತ್ತೆ ಏರುತ್ತದೆ. ಕೊನೆಗೆ ನ್ಯಾಯಾಲಯ, ಕಣ್ಣು ಮುಚ್ಚಿ ಕೂತ ಗೂಬೆಯೇ ನ್ಯಾಯಾಧೀಶ, ಮೊಸಳೆ ವಕೀಲ. ಇಷ್ಟು ವಿಚಿತ್ರವಾದರೂ ತರಗತಿಯಲ್ಲಿ ಒಂದು ಮಗುವೂ ದಾರಿ ತಪ್ಪಲಿಲ್ಲ. ಇದಕ್ಕೆ ಕಾರಣ ಸುಕುಮಾರರ ವಿಜ್ಞಾನದ ಓದು ಎಂದು ನನ್ನ ಅನಿಸಿಕೆ. ಪ್ರತಿ ಪಾತ್ರಕ್ಕೂ ಅವರು ಒಂದೇ ಒಂದು ಹುಚ್ಚು ನಿಯಮ ಕೊಡುತ್ತಾರೆ. ಆಮೇಲೆ ಆ ನಿಯಮವನ್ನು ಪ್ರಯೋಗಶಾಲೆಯಲ್ಲಿರುವಷ್ಟು ಕಟ್ಟುನಿಟ್ಟಾಗಿ ಪಾಲಿಸುತ್ತಾರೆ.

ಪ್ರಾಣಿಗಳನ್ನು ಬೆಸೆಯುವಾಗಲೂ ಅಷ್ಟೇ. ‘ಆಬೋಲ್ ತಾಬೋಲ್’ ಸಂಕಲನದಲ್ಲಿ ಹಾತಿ ಮತ್ತು ತಿಮಿ ಸೇರಿ ಹಾತಿಮಿ. ತಿಮಿ ಎಂದರೆ ತಿಮಿಂಗಿಲ. ಬಕ ಮತ್ತು ಕಚ್ಛಪ ಸೇರಿ ಬಕಚ್ಛಪ. ಮೊದಲ ಪದದ ಕೊನೆಯ ಅಕ್ಷರವೂ ಎರಡನೆಯದರ ಮೊದಲ ಅಕ್ಷರವೂ ಒಂದೇ ಆಗಿರಬೇಕು, ಆಗ ಮಾತ್ರ ಬೆಸುಗೆ. ಯಾವ ಸಂಧಿಯ ಸೂತ್ರಕ್ಕೂ ಇದು ಸಿಗದು. ಆದರೂ ಅದೇ ವಾರ ನಾನು ಮಾಡಿದ್ದ ಸಂಧಿ ಪಾಠಕ್ಕಿಂತ ಬೇಗ ಮಕ್ಕಳಿಗೆ ಹಿಡಿಸಿತು. ಕನ್ನಡದಲ್ಲಿ ಮಾಡಲು ಹೇಳಿದಾಗ ಕೋತಿಮಿಂಗಿಲ ಬಂತು. ಆಮೆ ಮತ್ತು ಮೇಕೆಯಿಂದ ಆಮೇಕೆ ಮಾಡಿದ ಗುಂಪಿಗೆ, ಮೆ ಬೇರೆ ಮೇ ಬೇರೆ ಎಂದು ಪಕ್ಕದ ಗುಂಪು ಜಗಳಕ್ಕೆ ನಿಂತಿತು. ಹ್ರಸ್ವ ದೀರ್ಘದ ವ್ಯತ್ಯಾಸ ಕಲಿಸಲು ನಾನು ಒಂದು ಅವಧಿ ಪೂರ್ತಿ ಹೆಣಗಾಡಿದ್ದೆ.

ಕೊನೆಯ ಭಾಗ ಹೇಳಬೇಕೋ ಬೇಡವೋ ಎಂದು ಹಿಂದಿನ ರಾತ್ರಿ ಯೋಚಿಸಿದ್ದೆ. ನಗಿಸಿದ ಮನುಷ್ಯನ ಸಾವಿನೊಂದಿಗೆ ಪಾಠ ಮುಗಿಸಿದರೆ ಮಕ್ಕಳು ಮಂಕಾಗುತ್ತಾರೆಂಬ ಅಳುಕು. ಆದರೂ ಬಿಡಲು ಮನಸ್ಸಾಗಲಿಲ್ಲ. 1921ರಲ್ಲಿ, ಮಗ ಸತ್ಯಜಿತ್ ಹುಟ್ಟಿದ ವರ್ಷವೇ, ಸುಕುಮಾರರಿಗೆ ಕಾಲಾಜಾರ್ ಹಿಡಿಯಿತು. ಮರಳುನೊಣದಿಂದ ಹರಡುವ ಜ್ವರ. ಅದೇ ಕಲ್ಕತ್ತದಲ್ಲಿ ಉಪೇಂದ್ರನಾಥ ಬ್ರಹ್ಮಚಾರಿ ಅವರು ಅದಕ್ಕೆ ಯೂರಿಯಾ ಸ್ಟಿಬಮೀನ್ ಎಂಬ ಮದ್ದು ಕಂಡುಹಿಡಿದಿದ್ದರೂ ಅದಿನ್ನೂ ಎಲ್ಲೆಡೆ ಬಳಕೆಗೆ ಬಂದಿರಲಿಲ್ಲ. ‘ಹಯವರಲ’ ಪ್ರಕಟವಾದದ್ದು ಈ ಕಾಯಿಲೆಯ ನಡುವೆ. ‘ಆಬೋಲ್ ತಾಬೋಲ್’ ಪುಸ್ತಕದ ಚಿತ್ರ, ಪುಟಗಳ ಜೋಡಣೆ ಎಲ್ಲವನ್ನೂ ಅವರು ಹಾಸಿಗೆಯಲ್ಲಿದ್ದುಕೊಂಡೇ ಸಿದ್ಧಪಡಿಸಿದರು. ರವೀಂದ್ರನಾಥ ಠಾಕೂರರು ನೋಡಲು ಬಂದಾಗ ಹಾಡು ಕೇಳಬೇಕೆಂದು ಆಸೆಪಟ್ಟರು, ಅವರು ಹಾಡಿದರು. 1923ರ ಸೆಪ್ಟೆಂಬರ್ 10ರಂದು ಸುಕುಮಾರ ರಾಯ್ ತೀರಿಕೊಂಡರು. ವಯಸ್ಸು 35.

ಹಿಂದಿನ ಸಾಲಿನ ಅದೇ ಹುಡುಗ ಬೆರಳು ಮಡಚಿ ಲೆಕ್ಕ ಹಾಕಿದ. ನಲವತ್ತಕ್ಕೆ ಐದು ವರ್ಷ ಕಡಿಮೆ, ತಿರುಗುವ ಮುಂಚೆಯೇ ಹೋದರಲ್ಲ ಎಂದ. ಪುಸ್ತಕವನ್ನು ಅವರು ನೋಡಿದರೇ ಎಂದು ಒಬ್ಬ ಹುಡುಗಿ ಕೇಳಿದಳು. ಪುಸ್ತಕ ಹೊರಬಂದದ್ದು ಸೆಪ್ಟೆಂಬರ್ 19ರಂದು. ದಿನಾಂಕವನ್ನು ಹಲಗೆಯ ಮೇಲೆ ಬರೆದೆ. ಒಂಬತ್ತು ದಿನ ಎಂದು ಅವಳೇ ಹೇಳಿ ಕೂತಳು.