ನಾಟಕರತ್ನ ಗುಬ್ಬಿ ವೀರಣ್ಣ: ಕಂಪನಿಯನ್ನು ಕಾಲಕ್ಕೆ ಹೊಂದಿಸಿದ ಕಲಾವಿದ

ಕನ್ನಡ ವೃತ್ತಿ ರಂಗಭೂಮಿಯ ಇತಿಹಾಸದಲ್ಲಿ ಗುಬ್ಬಿ ವೀರಣ್ಣನವರದು ಚಿರಸ್ಮರಣೀಯವಾದ ಹೆಸರು. ಹಾಸ್ಯ ನಟರಾಗಿ ಜನಮನ ಗೆದ್ದ ಅವರು, ಸಂಚಾರಿ ನಾಟಕ ಕಂಪನಿಯೊಂದನ್ನು ದಶಕಗಳ ಕಾಲ ಮುನ್ನಡೆಸಿದ ಸಮರ್ಥ ಆಡಳಿತಗಾರರೂ ಆಗಿದ್ದರು. ಕಲಾ ಸಂಸ್ಥೆಯನ್ನು ನಡೆಸುವ ವಿದ್ಯೆಯನ್ನು ಯಾವ ಶಾಲೆಯೂ ಕಲಿಸದಿದ್ದ ಕಾಲದಲ್ಲಿ ಅವರು ಅದನ್ನು ರಂಗದ ಮೇಲೆ ಮತ್ತು ರಂಗದ ಹಿಂದೆ ದುಡಿದು ಕಲಿತರು. ಕಲಾ ಸಂಘಗಳನ್ನು ನಡೆಸುತ್ತಿರುವವರಿಗೂ, ಹೊಸದಾಗಿ ಆರಂಭಿಸಲು ಇಚ್ಛಿಸುವವರಿಗೂ ಅವರ ಜೀವನ ಉಪಯುಕ್ತವಾದೀತೆಂಬ ಆಶಯದಿಂದ ಈ ಪರಿಚಯವನ್ನು ನೀಡಲಾಗಿದೆ.

ಜನನ ಮತ್ತು ರಂಗಪ್ರವೇಶ

ವೀರಣ್ಣನವರು 1891ರಲ್ಲಿ ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ ಜನಿಸಿದರು. ಊರಿನ ಆರಾಧ್ಯದೈವದ ಹೆಸರನ್ನು ಹೊತ್ತ ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘವು ಅದಕ್ಕೂ ಮೊದಲೇ, 1884ರಲ್ಲಿ, ಸ್ಥಾಪನೆಗೊಂಡಿತ್ತು. ಗುಬ್ಬಿಯ ಚಂದಣ್ಣ, ಅಬ್ದುಲ್ ಅಜೀಜ್ ಸಾಹೇಬ್ ಮೊದಲಾದವರು ಕೂಡಿ ಕಟ್ಟಿದ ಈ ಸಂಘಕ್ಕೆ ವೀರಣ್ಣನವರು ಬಾಲಕರಾಗಿದ್ದಾಗಲೇ ಸೇರಿದರು. ಶಾಲಾ ಶಿಕ್ಷಣ ಹೆಚ್ಚು ಮುಂದುವರಿಯಲಿಲ್ಲ. ಕಂಪನಿಯೇ ಅವರ ಪಾಠಶಾಲೆಯಾಯಿತು. ಮುಂದೆ ಅವರು ಸದಾರಮೆ ನಾಟಕದ ಕಳ್ಳನ ಪಾತ್ರದಿಂದ ನಾಡಿನಾದ್ಯಂತ ಹೆಸರಾದರು.

ಹೊಣೆಗಾರಿಕೆ

1917ರಲ್ಲಿ ಕಂಪನಿಯ ಒಡೆತನವು ವೀರಣ್ಣನವರಿಗೆ ಬಂದಿತು. ಆ ದಿನಗಳ ನಾಟಕ ಕಂಪನಿಯೆಂದರೆ ಒಂದು ಚಲಿಸುವ ಊರೇ ಸರಿ. ನಟರು, ಸಂಗೀತಗಾರರು, ಪರದೆ ಬರೆಯುವವರು, ಅಡುಗೆಯವರು ಮತ್ತು ಅವರ ಕುಟುಂಬಗಳು ಆ ರಾತ್ರಿಯ ಟಿಕೆಟ್ಟಿನ ಹಣವನ್ನು ನಂಬಿ ಬದುಕುತ್ತಿದ್ದವು. ಒಂದು ಊರಿನಲ್ಲಿ ಮಳೆ ಹಿಡಿದರೆ ಅಥವಾ ರೋಗ ಹರಡಿದರೆ ಇಡೀ ತಂಡದ ಒಲೆ ಆರುವ ಅಪಾಯವಿತ್ತು. ಆದುದರಿಂದ ಅಲ್ಲಿ ಕೈಗೊಳ್ಳುವ ಪ್ರತಿಯೊಂದು ಬದಲಾವಣೆಯೂ ಕಲೆಯ ಪ್ರಶ್ನೆಯಾಗಿದ್ದಂತೆಯೇ ಅನ್ನದ ಪ್ರಶ್ನೆಯೂ ಆಗಿತ್ತು. ಒಡೆಯರಾದ ಮೇಲೂ ವೀರಣ್ಣನವರು ಬಣ್ಣ ಹಚ್ಚುವುದನ್ನು ಬಿಡಲಿಲ್ಲ. ಪ್ರೇಕ್ಷಕರ ನಾಡಿಮಿಡಿತವನ್ನು ಅವರು ಲೆಕ್ಕದ ಪುಸ್ತಕದಲ್ಲಿ ಮಾತ್ರವಲ್ಲದೆ ರಂಗದ ಮೇಲೆ ನಿಂತೂ ಅರಿಯುತ್ತಿದ್ದರು.

ಬದಲಾವಣೆಯ ಹೆಜ್ಜೆಗಳು

ಸ್ತ್ರೀ ಪಾತ್ರಗಳನ್ನು ಪುರುಷರೇ ನಿರ್ವಹಿಸುವುದು ಅಂದಿನ ವಾಡಿಕೆಯಾಗಿತ್ತು. ಮಹಿಳೆಯರು ರಂಗವೇರುವುದನ್ನು ಸಮಾಜವು ಗೌರವದಿಂದ ಕಾಣುತ್ತಿರಲಿಲ್ಲ. ಇಂತಹ ಸನ್ನಿವೇಶದಲ್ಲಿ ವೀರಣ್ಣನವರು ತಮ್ಮ ಕಂಪನಿಯಲ್ಲಿ ಮಹಿಳಾ ಕಲಾವಿದರಿಗೆ ಸ್ಥಾನ ನೀಡಿದರು. ತಮ್ಮ ಮನೆಯವರನ್ನೂ ಈ ಬದಲಾವಣೆಯಿಂದ ಹೊರಗಿಡಲಿಲ್ಲ, ಪತ್ನಿ ಬಿ. ಜಯಮ್ಮನವರು ರಂಗಭೂಮಿ ಮತ್ತು ಚಲನಚಿತ್ರಗಳೆರಡರಲ್ಲಿಯೂ ಪ್ರಖ್ಯಾತರಾದರು. ಇತರರಿಂದ ನಿರೀಕ್ಷಿಸಿದ್ದನ್ನು ಮೊದಲು ತಾವೇ ಆಚರಿಸಿದ್ದರಿಂದ ಅವರ ಮಾತಿಗೆ ಬಲ ಬಂದಿತು.

ಕಂಪನಿ ಬೆಳೆದಂತೆ ಅವರು ಶಾಖಾ ತಂಡಗಳನ್ನು ತೆರೆದರು ಹಾಗೂ ಮಕ್ಕಳ ತಂಡವನ್ನು ಕಟ್ಟಿದರು. ಹೀಗೆ ಮುಂದಿನ ಪೀಳಿಗೆಯ ಕಲಾವಿದರು ಸಂಸ್ಥೆಯೊಳಗೇ ಸಿದ್ಧಗೊಳ್ಳುವಂತಾಯಿತು.

ಸಿನಿಮಾ ಎದುರಾದಾಗ

ಚಲನಚಿತ್ರದ ಆಗಮನವು ನಾಟಕ ಕಂಪನಿಗಳಿಗೆ ದೊಡ್ಡ ಸವಾಲಾಯಿತು. ವೀರಣ್ಣನವರು ಅದಕ್ಕೆ ಹೆದರದೆ ಸ್ವತಃ ಮೂಕಿ ಚಿತ್ರಗಳ ತಯಾರಿಕೆಗೆ ಕೈಹಾಕಿದರು. 1931ರ ಹಿಸ್ ಲವ್ ಅಫೇರ್ ಚಿತ್ರದಲ್ಲಿ ಅವರೂ ಜಯಮ್ಮನವರೂ ಅಭಿನಯಿಸಿದರು. ಆದರೆ ಅದೇ ವರ್ಷ ಭಾರತದ ಮೊದಲ ವಾಕ್ಚಿತ್ರ ಆಲಂ ಆರಾ ತೆರೆಕಂಡಿತು. ಮಾತನಾಡುವ ಚಿತ್ರಗಳ ಮುಂದೆ ಮೂಕಿ ಚಿತ್ರಗಳ ಕಾಲ ಮುಗಿಯುತ್ತ ಬಂದಿತು. ಮೂಕಿ ಚಿತ್ರಗಳ ಆ ಸಾಹಸವು ಹೆಚ್ಚು ಕಾಲ ನಡೆಯಲಿಲ್ಲ.

ಆದಾಗ್ಯೂ ನಾಟಕದ ಕಂಪನಿ ನಿಲ್ಲಲಿಲ್ಲ. ಹೊಸ ಉದ್ಯಮಕ್ಕೆ ಇಳಿದಾಗ ಅವರು ಹಳೆಯ ಆಸರೆಯನ್ನು ಕಿತ್ತುಹಾಕಿರಲಿಲ್ಲ. ಮೊದಲ ಕನ್ನಡ ವಾಕ್ಚಿತ್ರ ಸತಿ ಸುಲೋಚನ ಬಿಡುಗಡೆಯಾದ 1934ರಲ್ಲಿಯೇ ಗುಬ್ಬಿ ಕಂಪನಿಯು ಬಿ. ಪುಟ್ಟಸ್ವಾಮಯ್ಯನವರ ಕುರುಕ್ಷೇತ್ರ ನಾಟಕವನ್ನು ಅದ್ದೂರಿಯಾಗಿ ರಂಗಕ್ಕೆ ತಂದಿತು. ಜೀವಂತ ಆನೆ, ಕುದುರೆಗಳು ರಂಗದ ಮೇಲೆ ಬಂದುದನ್ನು ಕಂಡು ಜನರು ಬೆರಗಾದರು. ಬೆಳ್ಳಿತೆರೆಯ ನೆರಳು ಕೊಡಲಾರದ ಅನುಭವವನ್ನು ರಂಗಭೂಮಿ ಅಲ್ಲಿ ಕೊಟ್ಟಿತು.

ಮುಂದೆ ಅವರು ಚಿತ್ರರಂಗಕ್ಕೆ ಮರಳಿದಾಗ ತಮ್ಮ ಕಂಪನಿಯ ನಾಟಕಗಳೂ ಕಲಾವಿದರೂ ಅವರ ಬೆನ್ನಿಗಿದ್ದರು. ಕಂಪನಿಯ ನಾಟಕವನ್ನು ಆಧರಿಸಿದ ಬೇಡರ ಕಣ್ಣಪ್ಪ ಚಿತ್ರವು 1954ರಲ್ಲಿ ತೆರೆಕಂಡಿತು. ಗುಬ್ಬಿ ಕಂಪನಿಯಲ್ಲಿ ಪಳಗಿದ ಡಾ. ರಾಜಕುಮಾರ್ ಅವರು ನಾಯಕ ನಟರಾದ ಮೊದಲ ಚಿತ್ರ ಅದು.

ವ್ಯಕ್ತಿಗಳನ್ನು ಬೆಳೆಸಿದ ಬಗೆ

ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ಮುಂತಾದ ಅನೇಕರು ಗುಬ್ಬಿ ಕಂಪನಿಯ ಗರಡಿಯಲ್ಲಿ ತಯಾರಾದವರು. ಬಾಲ್ಯದಲ್ಲಿ ಮನೆ ಬಿಟ್ಟು ಬಂದು ಕಂಪನಿ ಸೇರಿದ್ದ ಬಿ.ವಿ. ಕಾರಂತರನ್ನು ವೀರಣ್ಣನವರು ಉನ್ನತ ವ್ಯಾಸಂಗಕ್ಕಾಗಿ ಬನಾರಸ್ಸಿಗೆ ಕಳುಹಿಸಿಕೊಟ್ಟರು. ಒಳ್ಳೆಯ ಕಲಾವಿದನನ್ನು ತನ್ನಲ್ಲಿಯೇ ಉಳಿಸಿಕೊಳ್ಳಬಯಸುವ ಒಡೆಯನಿಗೆ ಇದು ಸುಲಭದ ತೀರ್ಮಾನವಲ್ಲ. ಅದರ ಫಲವು ಗುಬ್ಬಿ ಕಂಪನಿಗಿಂತ ಹೆಚ್ಚಾಗಿ ನಾಡಿಗೆ ದೊರೆಯಿತು: ಕಾರಂತರು ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು, 1989ರಲ್ಲಿ ಮೈಸೂರಿನ ರಂಗಾಯಣಕ್ಕೆ ಅಡಿಪಾಯ ಹಾಕಿದರು.

ಗೌರವ ಮತ್ತು ಸ್ಮರಣೆ

ವೀರಣ್ಣನವರು ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪುರಸ್ಕಾರಕ್ಕೂ 1972ರಲ್ಲಿ ಪದ್ಮಶ್ರೀ ಪ್ರಶಸ್ತಿಗೂ ಪಾತ್ರರಾದರು. ಅದೇ ವರ್ಷದ ಅಕ್ಟೋಬರ್ 18ರಂದು ನಿಧನ ಹೊಂದಿದರು. ಅವರ ಆತ್ಮಕಥೆಯ ಹೆಸರು ಕಲೆಯೇ ಕಾಯಕ. ರಂಗಭೂಮಿಯ ಸಾಧಕರಿಗಾಗಿ ರಾಜ್ಯ ಸರ್ಕಾರವು ಅವರ ಹೆಸರಿನಲ್ಲಿ ಪ್ರಶಸ್ತಿಯನ್ನು ಸ್ಥಾಪಿಸಿದೆ.

ಕಲಾ ಸಂಘಗಳ ನೋಂದಣಿಗಾಗಿ ಅಥವಾ ಧನಸಹಾಯಕ್ಕಾಗಿ ಅರ್ಜಿ ಸಲ್ಲಿಸುವ ಪದಾಧಿಕಾರಿಗಳು ಸದಸ್ಯರ ಪಟ್ಟಿ, ಲೆಕ್ಕಪತ್ರ, ಕಾರ್ಯಯೋಜನೆಗಳನ್ನು ಸಿದ್ಧಪಡಿಸುವಾಗ ಈ ಹಿರಿಯರನ್ನು ನೆನೆಯುವುದು ಉಚಿತ. ಪಟ್ಟಿಯಲ್ಲಿರುವ ಪ್ರತಿಯೊಂದು ಹೆಸರಿನ ಹಿಂದೆ ಒಂದು ಕುಟುಂಬವಿದೆ ಎಂಬುದನ್ನು ಅವರು ಎಂದೂ ಮರೆತಿರಲಿಲ್ಲ.